ಪ್ಲಾನ್ 300, ಬರುವುದು 94: ಮನೆಯ ನೆಟ್‌ವರ್ಕಿನಲ್ಲಿ ವೇಗ ಎಲ್ಲಿ ಸಿಕ್ಕಿಹಾಕಿಕೊಂಡಿದೆ?

ಹಾಸನದ ವಿದ್ಯಾನಗರದ ಮನೆಯಾಗಲಿ, ಮೂಡಿಗೆರೆ ಕಡೆಯ ತೋಟದ ಮನೆಯಾಗಲಿ, ಫೈಬರ್ ಬಂದ ಮೇಲೆ ಕೇಳಿಬರುವ ದೂರು ಒಂದೇ: ‘ದುಡ್ಡು ಕಟ್ಟೋದು 300ಕ್ಕೆ, ಬರೋದು ನೂರೂ ಇಲ್ಲ.’ ಹೆಚ್ಚಿನವರು ಮೊದಲು ಕೇಬಲ್‌ನವರಿಗೆ ಫೋನ್ ಮಾಡುತ್ತಾರೆ. ಆಮೇಲೆ ಇನ್ನೂ ದೊಡ್ಡ ಪ್ಲಾನ್ ಹಾಕಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಆರು ಆಂಟೆನಾದ ರೂಟರ್ ತರುತ್ತಾರೆ. ಎಲ್ಲಿ ಅಡಚಣೆ ಇದೆ ಎಂದು ತಿಳಿಯದೆ ಮಾಡಿದರೆ ಮೂರೂ ದಂಡ. ಹಾಸನದಲ್ಲಿ ಬಿ.ಎಂ. ರಸ್ತೆ ಎಷ್ಟೇ ಅಗಲವಾದರೂ ಮಂಗಳೂರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತೀರಿ ಅನ್ನುವುದನ್ನು ಶಿರಾಡಿ ಘಾಟಿ ತೀರ್ಮಾನಿಸುತ್ತದೆ. ನೆಟ್‌ವರ್ಕಿನಲ್ಲೂ ಸಾಲಿನ ಅತಿ ನಿಧಾನದ ಸಾಮಾನು ಯಾವುದೋ ಅದರ ವೇಗವೇ ನಿಮಗೆ ಸಿಗುವುದು.

ಒಂದು ಅನುಕೂಲವಿದೆ. ಈ ಅಡಚಣೆಗಳು ಮನಸ್ಸಿಗೆ ಬಂದ ವೇಗ ತೋರಿಸುವುದಿಲ್ಲ. ಒಂದೊಂದಕ್ಕೂ ಅದರದೇ ಆದ ಅಂಕಿ ಇದೆ. ಅಂಕಿ ಓದಲು ಬಂದರೆ ಅರ್ಧ ರಿಪೇರಿ ಮುಗಿದಂತೆ.

ಮೊದಲು ಅಳತೆ

ಬೇಕಾದ ಸಾಮಾನು ಕಡಿಮೆ: ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್, ಅಂದರೆ 1000 ಎಂಬಿಪಿಎಸ್) ಲ್ಯಾನ್ ಪೋರ್ಟ್ ಇರುವ ಲ್ಯಾಪ್‌ಟಾಪ್, ಒಂದೆರಡು ಮೀಟರಿನ ರೆಡಿಮೇಡ್ ಕ್ಯಾಟ್ 6 ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಪ್ಲಗ್ ಇರುವ ಲ್ಯಾನ್ ವೈರ್), ಒಂದು ಫೋನ್, ಬರೆದುಕೊಳ್ಳಲು ಕಾಗದ. ಈಗಿನ ತೆಳು ಲ್ಯಾಪ್‌ಟಾಪ್‌ಗಳಿಗೆ ಲ್ಯಾನ್ ಪೋರ್ಟೇ ಇರುವುದಿಲ್ಲ. ಯುಎಸ್‌ಬಿ ಡಾಂಗಲ್ ಕೊಳ್ಳಬೇಕು. ಕೊಳ್ಳುವಾಗ ಅದರ ಮೇಲೆ ಯುಎಸ್‌ಬಿ 3.0 ಎಂದೂ ಗಿಗಾಬಿಟ್ ಎಂದೂ ಎರಡೂ ಬರೆದಿದೆಯೇ ನೋಡಿ. ಅಗ್ಗದ ಯುಎಸ್‌ಬಿ 2.0 ಡಾಂಗಲ್‌ಗಳು ಬಹುಪಾಲು 100 ಎಂಬಿಪಿಎಸ್‌ನವು. ಅಂಥದ್ದರಲ್ಲಿ ಅಳೆದರೆ ಅಳತೆಗೋಲೇ ಅಡಚಣೆಯಾಗುತ್ತದೆ.

ಮನೆಯ ಟಿವಿ, ಬೇರೆ ಫೋನುಗಳು, ಕ್ಯಾಮೆರಾ ರೆಕಾರ್ಡರ್ ಎಲ್ಲವನ್ನೂ ನೆಟ್‌ನಿಂದ ಬಿಡಿಸಿ. ಆಮೇಲೆ ಹೊರಗಿನಿಂದ ಒಳಕ್ಕೆ ಐದು ಕಡೆ ಅಳೆಯಿರಿ: ಫೈಬರ್ ಬಂದು ಸೇರುವ ಓಎನ್‌ಟಿ ಡಬ್ಬಿಗೆ (ನಾವೆಲ್ಲ ‘ಮೋಡೆಮ್’ ಅನ್ನುವುದು) ನೇರ ವೈರ್ ಹಾಕಿ ಒಮ್ಮೆ, ರೂಟರಿನ ಲ್ಯಾನ್ ಪೋರ್ಟಿಗೆ ಹಾಕಿ ಒಮ್ಮೆ, ಗೋಡೆಯಲ್ಲಿ ಎಳೆದ ಕೇಬಲ್ಲಿನ ಆ ತುದಿಯಲ್ಲಿ ಒಮ್ಮೆ, ರೂಟರಿನಿಂದ ಎರಡು ಮೀಟರ್ ದೂರದಲ್ಲಿ ನಿಂತು 5 ಗಿಗಾಹರ್ಟ್ಸ್ ವೈಫೈನಲ್ಲಿ ಒಮ್ಮೆ, ಕೊನೆಗೆ ನೀವು ದಿನಾ ಕೂರುವ ಜಾಗದಲ್ಲಿ ಒಮ್ಮೆ. ಪ್ರತಿ ಕಡೆ ಮೂರು ಸಲ ಸ್ಪೀಡ್ ಟೆಸ್ಟ್ ಮಾಡಿ ನಡುವಿನ ಅಂಕಿ ಬರೆದುಕೊಳ್ಳಿ. ಮೂರೂ ಸಲ ಒಂದೇ ಸರ್ವರ್ ಇರಲಿ, ಬೆಂಗಳೂರಿನದಾದರೆ ಒಳ್ಳೆಯದು. ಅಂಕಿ ಯಾವ ಎರಡು ಜಾಗಗಳ ನಡುವೆ ಧಡಕ್ಕನೆ ಇಳಿಯುತ್ತದೋ ಅಡಚಣೆ ಅಲ್ಲಿದೆ.

ಒಂದು ತೊಡಕು. ಕೆಲವರ ಮನೆಯಲ್ಲಿ ಓಎನ್‌ಟಿ ಬ್ರಿಡ್ಜ್ ಮೋಡ್‌ನಲ್ಲಿದ್ದು (ತಾನು ಲಾಗಿನ್ ಆಗದೆ ಸಂಪರ್ಕವನ್ನು ಮುಂದಕ್ಕೆ ದಾಟಿಸುವುದಷ್ಟೇ), ಯೂಸರ್‌ನೇಮ್-ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವುದು ಬೇರೆ ರೂಟರ್. ಅಂಥ ಕಡೆ ಲ್ಯಾಪ್‌ಟಾಪನ್ನು ಓಎನ್‌ಟಿಗೆ ನೇರ ಚುಚ್ಚಿದರೆ ನೆಟ್ಟೇ ಬರುವುದಿಲ್ಲ. ವಿಂಡೋಸಿನಲ್ಲಿ ಪಿಪಿಪಿಓಇ (ಹೀಗೆ ಲಾಗಿನ್ ಆಗುವ ವಿಧಾನ) ಕನೆಕ್ಷನ್ ಒಂದನ್ನು ಮಾಡಿ ಅದೇ ಯೂಸರ್‌ನೇಮ್ ಹಾಕಿ ಅಳೆಯಬೇಕು. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಸಂಪರ್ಕ ಕೊಟ್ಟವರನ್ನು ಕೇಳಿ ಬರೆದಿಟ್ಟುಕೊಳ್ಳಿ. ರೂಟರ್ ಬದಲಿಸುವ ದಿನ ಹೇಗೂ ಅದು ಬೇಕು.

ಅಂಕಿ ಏನು ಹೇಳುತ್ತದೆ

ಎಲ್ಲಕ್ಕಿಂತ ಹೆಚ್ಚು ಸಿಗುವ ಅಂಕಿ 94 ಅಥವಾ 95. ಪ್ಲಾನ್ 150 ಇರಲಿ, 500 ಇರಲಿ, ಪ್ರತಿ ಸಲವೂ ಟೆಸ್ಟ್ ಇಲ್ಲೇ ಅಂಟಿಕೊಂಡಿದ್ದರೆ ಸಾಲಿನಲ್ಲಿ ಎಲ್ಲೋ ಒಂದು ಕೊಂಡಿ 100 ಎಂಬಿಪಿಎಸ್‌ನಲ್ಲಿ ಓಡುತ್ತಿದೆ. ಉಳಿದ ಐದಾರು ಎಂಬಿಪಿಎಸ್, ಡೇಟಾ ಸಾಗುವ ಪುಟ್ಟ ಪ್ಯಾಕೆಟ್‌ಗಳ ವಿಳಾಸ, ಹೊದಿಕೆಗೆ ಖರ್ಚಾಗುತ್ತದೆ. ಇದೇ ಲೆಕ್ಕದಲ್ಲಿ ಗಿಗಾಬಿಟ್ ಕೊಂಡಿಯಲ್ಲಿ ನಿಜಕ್ಕೂ ಸಿಗುವುದು ಸುಮಾರು 940. ಅಂಕಿ 9ರ ಹತ್ತಿರ ನಿಂತಿದ್ದರೆ ಕೊಂಡಿ 10 ಎಂಬಿಪಿಎಸ್‌ಗೆ ಕುಸಿದಿದೆ: ಕೇಬಲ್ ಕೆಟ್ಟಿದೆ, ಇಲ್ಲವೇ ಪೋರ್ಟ್ ಅರ್ಧ ಸುಟ್ಟಿದೆ. 300ರ ಆಸುಪಾಸಿನಲ್ಲೇ ನಿಂತರೆ ಗಿಗಾಬಿಟ್ ಡಾಂಗಲನ್ನು ಯುಎಸ್‌ಬಿ 2.0 ಕಿಂಡಿಗೆ ಚುಚ್ಚಿದ್ದೀರೇನೋ ನೋಡಿ. ಆ ಕಿಂಡಿಯ ಕಾಗದದ ಮಿತಿ 480, ಕೈಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ.

ವೈಫೈನ ಅಂಕಿಗಳು ಇಷ್ಟು ಖಚಿತವಲ್ಲ. ಫೋನು ಅಥವಾ ಲ್ಯಾಪ್‌ಟಾಪ್ ತೋರಿಸುವ ‘ಲಿಂಕ್ ಸ್ಪೀಡ್’ನಲ್ಲಿ ಅರ್ಧದಿಂದ ಮೂರನೇ ಎರಡು ಭಾಗದಷ್ಟು ಸಿಕ್ಕಿದರೆ ಸರಿಯಾಗಿದೆ ಎಂದೇ ಲೆಕ್ಕ. ಲಿಂಕ್ ಸ್ಪೀಡ್ 72 ಎಂದು ತೋರಿಸಿದರೆ ನೀವು 2.4 ಗಿಗಾಹರ್ಟ್ಸ್‌ನಲ್ಲಿ ಒಂದೇ ಆಂಟೆನಾದ ಮೇಲಿದ್ದೀರಿ, 40 ಬಂದರೆ ಹೆಚ್ಚು. 144 ಅಂದರೆ ಅದೇ ಬ್ಯಾಂಡ್, ಎರಡು ಆಂಟೆನಾ. 433 ಅಂದರೆ 5 ಗಿಗಾಹರ್ಟ್ಸ್, ಒಂದು ಆಂಟೆನಾ. 866 ಅಂದರೆ ಎರಡು. ವೈಫೈ 6 ಆದರೆ ಎರಡು ಆಂಟೆನಾಗೆ 1201. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ನೆಟ್‌ವರ್ಕ್ ಆಂಡ್ ಇಂಟರ್ನೆಟ್, ಅದರೊಳಗೆ ವೈಫೈ ಅಥವಾ ಈಥರ್ನೆಟ್‌ನ ಪ್ರಾಪರ್ಟೀಸ್ ತೆರೆದರೆ ಲಿಂಕ್ ಸ್ಪೀಡ್ ಕಾಣುತ್ತದೆ. ಈಥರ್ನೆಟ್‌ನಲ್ಲಿ ಅಲ್ಲಿ 1000/1000 ಇರಬೇಕು. 100/100 ಕಂಡರೆ ಸ್ಪೀಡ್ ಟೆಸ್ಟ್ ಮಾಡುವ ಅಗತ್ಯವೇ ಇಲ್ಲ, ಕಳ್ಳ ಸಿಕ್ಕಿದ್ದಾನೆ.

ಡೌನ್‌ಲೋಡ್ ಕಿಟಕಿ ತೋರಿಸುವುದು ಮೆಗಾಬೈಟ್ ಲೆಕ್ಕ, ಪ್ಲಾನ್ ಹೇಳುವುದು ಮೆಗಾಬಿಟ್. ಎಂಟರಿಂದ ಭಾಗಿಸಿ. 100ರ ಪ್ಲಾನಿನಲ್ಲಿ ಸೆಕೆಂಡಿಗೆ 11-12 ಮೆಗಾಬೈಟ್ ಬರುತ್ತಿದ್ದರೆ ಏನೂ ಕೆಟ್ಟಿಲ್ಲ.

ಫೈಬರ್ ಮತ್ತು ಓಎನ್‌ಟಿ

ಓಎನ್‌ಟಿಗೆ ನೇರ ವೈರ್ ಹಾಕಿದಾಗಲೇ ಕಡಿಮೆ ಬಂದರೆ ಮೊದಲು ಯಾವ ಪೋರ್ಟಿಗೆ ಚುಚ್ಚಿದ್ದೀರಿ ನೋಡಿ. ಎರಡು ಅಥವಾ ನಾಲ್ಕು ಪೋರ್ಟ್ ಇರುವ ಹಲವು ಓಎನ್‌ಟಿಗಳಲ್ಲಿ ಒಂದು ಮಾತ್ರ ಗಿಗಾಬಿಟ್, ಉಳಿದವು 100. ಗಿಗಾಬಿಟ್ ಪೋರ್ಟಿನ ಪಕ್ಕ ಜಿಇ ಎಂದೂ ಉಳಿದವಕ್ಕೆ ಎಫ್‌ಇ ಎಂದೂ ಗುರುತಿರುತ್ತದೆ. ಸಾಮಾನ್ಯವಾಗಿ ಒಂದನೇ ಪೋರ್ಟೇ ಗಿಗಾಬಿಟ್. ರೂಟರಿನ ವೈರನ್ನು ಎರಡನೇ ಪೋರ್ಟಿನಿಂದ ಒಂದನೆಯದಕ್ಕೆ ಬದಲಿಸಿದ್ದಷ್ಟರಿಂದಲೇ 94 ಹೋಗಿ 290 ಬರುವ ಮನೆಗಳಿವೆ. ಹಾಗೆ ಬದಲಿಸಿದಾಗ ನೆಟ್ ಪೂರ್ತಿ ನಿಂತುಹೋದರೆ ಗಾಬರಿಯಾಗಬೇಡಿ. ಬ್ರಿಡ್ಜನ್ನು ಮೊದಲಿದ್ದ ಪೋರ್ಟಿಗಷ್ಟೇ ಕಟ್ಟಿರುತ್ತಾರೆ, ಸಂಪರ್ಕ ಕೊಟ್ಟವರು ಐದು ನಿಮಿಷದಲ್ಲಿ ಬದಲಿಸಿಕೊಡಬಹುದು.

ನಂತರ ಬೆಳಕಿನ ಮಟ್ಟ. ಬ್ರೌಸರಿನಲ್ಲಿ 192.168.1.1 ತೆರೆದು (ಸರಿಯಾದ ವಿಳಾಸ, ಪಾಸ್‌ವರ್ಡ್ ಡಬ್ಬಿಯ ಅಡಿಯ ಸ್ಟಿಕರಿನಲ್ಲಿರುತ್ತದೆ) ಆಪ್ಟಿಕಲ್ ಅಥವಾ ಪಾನ್ ಎಂಬ ಪುಟದಲ್ಲಿ ಆರ್‌ಎಕ್ಸ್ ಪವರ್ (ಒಳಬರುವ ಬೆಳಕಿನ ಮಟ್ಟ) ನೋಡಿ. ಮೈನಸ್ ಮುಂದಿನ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ. ಮೈನಸ್ 15ರಿಂದ ಮೈನಸ್ 24 ಡಿಬಿಎಂ ಒಳಗಿದ್ದರೆ ನಿಶ್ಚಿಂತೆ. ಮೈನಸ್ 27 ಸಾಮಾನ್ಯ ಜಿಪಾನ್ (ಒಂದು ಫೈಬರನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ) ಓಎನ್‌ಟಿಯ ಅಂಚು. ಬೆಳಕು ಸ್ವಲ್ಪ ಕಡಿಮೆಯಾದರೆ ವೇಗ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅಂಚಿನವರೆಗೂ ವೇಗ ಪೂರ್ತಿ ಇರುತ್ತದೆ; ದಾಟಿದ ಮೇಲೆ ಪ್ಯಾಕೆಟ್ ಹಾಳಾಗುವುದು, ವಿಡಿಯೊ ಕಾಲ್ ಕತ್ತರಿಸುವುದು, ಬೆಳಕು ಕಡಿದುಹೋಗಿದೆ ಎಂದು ತೋರಿಸುವ ಎಲ್‌ಓಎಸ್ ದೀಪ ಕೆಂಪಗಾಗುವುದು ಶುರು. ಬೇಸಿಗೆಯಲ್ಲಿ ಮೈನಸ್ 26 ಇದ್ದ ಸಂಪರ್ಕ ಜುಲೈ ಮಳೆಯಲ್ಲಿ ಉಳಿಯುತ್ತದೆ ಎಂದು ನಂಬಿ ಕೂರಬೇಡಿ. ಸಿಲ್ವರ್ ಓಕ್ ಮರದಿಂದ ಮರಕ್ಕೆ ಎಳೆದ ಡ್ರಾಪ್ ಕೇಬಲ್ (ಮನೆಗೆ ಬರುವ ಫೈಬರ್) ಗಾಳಿಗೆ ಎಳೆದಾಡಿ, ಮೇಲೆ ಕೊಂಬೆ ಬಿದ್ದು, ಜಾಯಿಂಟ್ ಡಬ್ಬಿಗೆ ನೀರಿಳಿದು ಇನ್ನೆರಡು ಡಿಬಿ ಹೋದರೆ ಮುಗಿಯಿತು.

ಮನೆಯೊಳಗೆ ನೀವೇ ನೋಡಬಹುದಾದದ್ದು ಮೂರು. ಫೈಬರನ್ನು ಮೊಳೆಗೆ ಸುತ್ತಿ ಬಿಗಿಯಾಗಿ ಕಟ್ಟಿದ್ದರೆ ಬಿಡಿಸಿ. ಸುರುಳಿ ಕನಿಷ್ಠ ಆರು ಸೆಂಟಿಮೀಟರ್ ಅಗಲವಿರಲಿ. ಹಸಿರು ಕನೆಕ್ಟರನ್ನು ಹಸಿರು ಕಿಂಡಿಗೇ ಹಾಕಬೇಕು, ನೀಲಿಯದಕ್ಕೆ ಹಾಕಿದರೆ ತುದಿಯ ಓರೆ ಹೊಂದದೆ ಬೆಳಕು ಸೋರುತ್ತದೆ. ಕನೆಕ್ಟರಿನ ತುದಿಗೆ ಬೆರಳು ತಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿದ, ಎಳೆ ಬಿಡದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ. ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ, ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ಇಷ್ಟಾಗಿಯೂ ಮಟ್ಟ ಸುಧಾರಿಸದಿದ್ದರೆ ಕೇಬಲ್‌ನವರನ್ನು ಕರೆಯಿರಿ, ಬರೀ ‘ಸ್ಲೋ’ ಅನ್ನದೆ ಆರ್‌ಎಕ್ಸ್ ಅಂಕಿ ಹೇಳಿ. ಕೆಲಸ ಬೇಗ ಆಗುತ್ತದೆ.

ಬೆಳಿಗ್ಗೆ ನೇರ ವೈರಿನಲ್ಲಿ 290 ಬಂದು ರಾತ್ರಿ ಒಂಬತ್ತಕ್ಕೆ 60 ಬಂದರೆ? ಜಿಪಾನ್‌ನ ಒಂದು ಎಳೆಯ 2.488 ಗಿಗಾಬಿಟ್ ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚಿಕೆಯಾಗುತ್ತದೆ, ಅದರ ಹಿಂದೆ ಊರಿನಿಂದ ಹೊರಹೋಗುವ ಲೈನ್ ಇನ್ನೂ ಇಕ್ಕಟ್ಟಾಗಿರಬಹುದು. ಅದಕ್ಕೆ ನಿಮ್ಮ ಮನೆಯಲ್ಲಿ ಯಾವ ಸಾಮಾನು ಹಾಕಿದರೂ ಉಪಯೋಗವಿಲ್ಲ.

ರೂಟರ್: ಡಬ್ಬದ ಮೇಲಿನ ದೊಡ್ಡ ಅಂಕಿ

ಡಬ್ಬದ ಮೇಲೆ 1200 ಎಂದು ದಪ್ಪಗೆ ಬರೆದಿರುತ್ತದೆ. ಅದು 2.4ರ 300 ಮತ್ತು 5ರ 867 ಕೂಡಿಸಿ, ಮೇಲಕ್ಕೆ ದುಂಡಗೆ ಮಾಡಿದ ಮೊತ್ತ. ಒಂದು ಲ್ಯಾಪ್‌ಟಾಪ್ ಒಂದು ಹೊತ್ತಿಗೆ ಒಂದೇ ಬ್ಯಾಂಡಿನಲ್ಲಿರುವುದರಿಂದ ಆ ಮೊತ್ತ ಯಾರಿಗೂ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ಮೋಸ ಹಿಂಭಾಗದಲ್ಲಿದೆ: ಇಂಥ ಎಷ್ಟೋ ರೂಟರ್‌ಗಳ ವ್ಯಾನ್ ಪೋರ್ಟ್ (ಓಎನ್‌ಟಿಯಿಂದ ವೈರ್ ಬಂದು ಸೇರುವ ಕಿಂಡಿ) 100 ಎಂಬಿಪಿಎಸ್‌ನದು. ವೈಫೈ 867ರಲ್ಲಿ ಓಡುತ್ತಿದ್ದರೂ ಒಳಗೆ ಬರುವುದೇ 94. ಡಬ್ಬದ ಬದಿಯ ಸಣ್ಣ ಅಕ್ಷರದಲ್ಲಿ 10/100 ಎಂದಿದ್ದರೆ ಕೆಳಗಿಡಿ, 10/100/1000 ಎಂದಿರಬೇಕು. ಹಾಸನದ ಅಂಗಡಿಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಆಂಟೆನಾ ಎಣಿಸುವ ಮೊದಲು ಇದನ್ನೇ ನೋಡಿ.

ಪೋರ್ಟ್ ಸರಿಯಿದ್ದೂ ರೂಟರ್ ದಾಟಿದ ಮೇಲೆ ವೇಗ ಇಳಿದರೆ ಪ್ರೊಸೆಸರ್ ಸೋಲುತ್ತಿದೆ. ಪ್ಯಾಕೆಟ್ಟಿನ ಮೇಲಿನ ವಿಳಾಸ ಬದಲಿಸುವ ಕೆಲಸವನ್ನು ರೂಟರುಗಳು ಹಾರ್ಡ್‌ವೇರಿನ ಅಡ್ಡದಾರಿಯಲ್ಲಿ ವೇಗವಾಗಿ ಮಾಡುತ್ತವೆ. ಕ್ಯೂಓಎಸ್ (ಯಾವುದಕ್ಕೆ ಮೊದಲು ದಾರಿ ಎಂದು ನಿಗದಿ ಮಾಡುವುದು), ಪೇರೆಂಟಲ್ ಕಂಟ್ರೋಲ್, ಟ್ರಾಫಿಕ್ ಲೆಕ್ಕ ಹಾಕಿದರೆ ಎಷ್ಟೋ ಮಾದರಿಗಳಲ್ಲಿ ಆ ಅಡ್ಡದಾರಿ ಮುಚ್ಚಿ ಪ್ರತಿ ಪ್ಯಾಕೆಟ್ಟೂ ಪ್ರೊಸೆಸರಿನ ಮೂಲಕವೇ ಹೋಗಬೇಕಾಗುತ್ತದೆ. ಒಂದೊಂದೇ ಆಫ್ ಮಾಡಿ ಮತ್ತೆ ಅಳೆಯಿರಿ. ರೂಟರಿನಲ್ಲೇ ವಿಪಿಎನ್ ಓಡಿಸುವವರಿಗೆ ಈ ಇಳಿತ ಇನ್ನೂ ಜಾಸ್ತಿ. ಅದನ್ನು ಲ್ಯಾಪ್‌ಟಾಪಿನಲ್ಲಿ ಓಡಿಸುವುದು ವಾಸಿ.

ಓಎನ್‌ಟಿಗೂ ವೈಫೈ ಇದ್ದು ಪಕ್ಕದಲ್ಲೇ ಬೇರೆ ರೂಟರ್ ಇಟ್ಟಿದ್ದರೆ ಓಎನ್‌ಟಿಯ ವೈಫೈ ಆಫ್ ಮಾಡಿ. ಎರಡೂ ಒಂದೇ ಚಾನೆಲ್ ಹಿಡಿದು ಕೂತರೆ ಒಂದು ಮಾತಾಡುವಾಗ ಇನ್ನೊಂದು ಸುಮ್ಮನಿರಬೇಕಾಗುತ್ತದೆ.

ಕೇಬಲ್: ಎಂಟೂ ತಂತಿ ಬೇಕು

ನಮ್ಮಲ್ಲಿ ಹೆಚ್ಚಿನ ಗಿಗಾಬಿಟ್ ನೆಟ್‌ವರ್ಕುಗಳು ಸೋಲುವುದು ಇಲ್ಲಿ. 100 ಎಂಬಿಪಿಎಸ್‌ಗೆ ಕೇಬಲ್ಲಿನ ಎಂಟು ತಂತಿಗಳಲ್ಲಿ ನಾಲ್ಕು ಸಾಕು (1, 2, 3, 6ನೇ ಪಿನ್). ಗಿಗಾಬಿಟ್‌ಗೆ ಎಂಟೂ ಬೇಕು. ಒಂದು ತಂತಿ ತುಂಡಾದರೂ ತಂತಿಯನ್ನು ಪ್ಲಗ್ಗಿಗೆ ಒತ್ತಿ ಕೂರಿಸುವ ಕ್ರಿಂಪ್ ಸರಿ ಕೂರದಿದ್ದರೂ ಎರಡು ಬದಿಯ ಸಾಮಾನುಗಳು ಬಹುತೇಕ ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ದೀಪ ಉರಿಯುತ್ತದೆ, ನೆಟ್ ಬರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ನಾಲ್ಕೇ ತಂತಿ ಕ್ರಿಂಪ್ ಮಾಡಿ, ಉಳಿದ ನಾಲ್ಕನ್ನು ‘ಇರಲಿ’ ಎಂದು ಇನ್ನೊಂದು ಕ್ಯಾಮೆರಾಕ್ಕೆ ಬಳಸಿದ ಹಳೆಯ ವೈರಿಂಗೂ ಕಾಣಸಿಗುತ್ತದೆ.

ಪರೀಕ್ಷೆ ಸುಲಭ. ಅನುಮಾನದ ಕೇಬಲ್ ತೆಗೆದು ರೆಡಿಮೇಡ್ ಪ್ಯಾಚ್ ಕಾರ್ಡ್ ಹಾಕಿ. 1000/1000 ಬಂದರೆ ತಪ್ಪು ಕೇಬಲ್ಲಿನದು. ಎರಡೂ ತುದಿ ಕತ್ತರಿಸಿ ಹೊಸ ಆರ್‌ಜೆ45 ಪ್ಲಗ್ ಹಾಕಿ. ಪ್ಲಗ್ಗಿನ ಕೊಕ್ಕೆ ಕೆಳಗಿರುವಂತೆ ಹಿಡಿದರೆ ಎಡದಿಂದ ಬಣ್ಣದ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ಕಡೆ ಇದೇ. ಜೋಡಿಯ ಹೆಣಿಗೆಯನ್ನು ಪ್ಲಗ್ಗಿನ ಬಳಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ಬಿಚ್ಚಬೇಡಿ, ಹೊರಗಿನ ಸಿಪ್ಪೆ ಪ್ಲಗ್ಗಿನೊಳಕ್ಕೆ ಹೋಗಿ ಕಚ್ಚಿಕೊಂಡಿರಲಿ. ಎಂಟು ದೀಪದ ಅಗ್ಗದ ಟೆಸ್ಟರ್ ತುಂಡಾದ ತಂತಿ ಹಿಡಿಯುತ್ತದೆ. ಸಡಿಲ ಹೆಣಿಗೆ, ಕಳಪೆ ಲೋಹ ಅದಕ್ಕೆ ಗೊತ್ತಾಗುವುದಿಲ್ಲ.

ಲೋಹದ ವಿಷಯ ಮುಖ್ಯ. ಕ್ಯಾಟ್ 6 ಎಂದು ಕಡಿಮೆ ಬೆಲೆಗೆ ಸಿಗುವ ಕಟ್ಟುಗಳಲ್ಲಿ ಬಹಳಷ್ಟು ಸಿಸಿಎ, ಅಂದರೆ ತಾಮ್ರ ಬಳಿದ ಅಲ್ಯೂಮಿನಿಯಂ. ಬ್ಲೇಡಿನಿಂದ ತಂತಿ ಕೆರೆದರೆ ಒಳಗೆ ಬೆಳ್ಳಗೆ ಕಂಡರೆ ಅದೇ. ಪ್ರತಿರೋಧ ಹೆಚ್ಚು, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ, ಕೇಬಲ್ಲಿನಲ್ಲೇ ಕರೆಂಟ್ ಕಳಿಸುವ ಪಿಓಇ ಕ್ಯಾಮೆರಾಗಳಿಗೆ ಉದ್ದ ಹೆಚ್ಚಾದಂತೆ ವೋಲ್ಟೇಜ್ ಸಾಲದು. ಮನೆಗೆ ಅಪ್ಪಟ ತಾಮ್ರದ ಕ್ಯಾಟ್ 5ಇ ಇದ್ದರೂ ಗಿಗಾಬಿಟ್‌ಗೆ ಪೂರ್ತಿ ಸಾಕು; ಸಿಸಿಎ ಕ್ಯಾಟ್ 6ಕ್ಕಿಂತ ಅದೇ ಮೇಲು. 230 ವೋಲ್ಟ್ ವೈರಿನ ಪೈಪಿನೊಳಗೇ ಇದನ್ನೂ ತೂರಿಸಬೇಡಿ; ಒಂದು ಅಡಿ ದೂರವಿರಲಿ, ದಾಟಬೇಕಾದಲ್ಲಿ ಅಡ್ಡಡ್ಡ ದಾಟಲಿ.

ತೋಟದ ಮನೆಯಿಂದ ಕಣಕ್ಕೆ, ಹೋಂಸ್ಟೇ ಕಾಟೇಜಿಗೆ

ತಾಮ್ರದ ಕೇಬಲ್ಲಿನ ಮಿತಿ 100 ಮೀಟರ್. ಆದರೆ ಎರಡು ಕಟ್ಟಡಗಳ ನಡುವೆ 30 ಮೀಟರ್ ಇದ್ದರೂ ತಾಮ್ರ ಬೇಡ ಅನ್ನುವುದೇ ನಮ್ಮ ಸಲಹೆ. ಕಾರಣ ಮಾರ್ಚ್‌ನಿಂದ ಮೇವರೆಗಿನ ಗುಡುಗು. ಹತ್ತಿರ ಎಲ್ಲೋ ಸಿಡಿಲು ಬಿದ್ದರೂ ಉದ್ದನೆಯ ತಾಮ್ರದಲ್ಲಿ ಹುಟ್ಟುವ ವೋಲ್ಟೇಜ್ ಎರಡೂ ತುದಿಯ ಪೋರ್ಟ್ ಸುಡಬಹುದು. ಪೂರ್ತಿ ಸತ್ತರೆ ಗೊತ್ತಾಗುತ್ತದೆ. ಅರ್ಧ ಸತ್ತ ಪೋರ್ಟ್ 10 ಅಥವಾ 100ಕ್ಕೆ ಇಳಿದು ತಿಂಗಳುಗಟ್ಟಲೆ ಹಾಗೇ ನಡೆಯುತ್ತದೆ. ಕೇಬಲ್ ಬದಲಿಸಿದರೂ ಅಂಕಿ ಮೇಲೇಳದಿದ್ದರೆ ಪಕ್ಕದ ಪೋರ್ಟಿಗೆ ಹಾಕಿ ನೋಡಿ.

ಇದಕ್ಕೆ ಮದ್ದು ಫೈಬರ್. ಬೇಕಾದ್ದು ಒಂದು ಜೊತೆ ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಲ್ಯಾನ್ ವೈರನ್ನು ಫೈಬರಿಗೆ ಸೇರಿಸುವ ಡಬ್ಬಿ) ಮತ್ತು ಸಿಂಗಲ್ ಮೋಡ್ ಡ್ರಾಪ್ ಕೇಬಲ್. ಒಂದೇ ಎಳೆಯಲ್ಲಿ ಎರಡೂ ದಿಕ್ಕು ಸಾಗಿಸುವ ಕನ್ವರ್ಟರ್ ಜೊತೆಯಲ್ಲಿ ಒಂದು ಎ, ಇನ್ನೊಂದು ಬಿ; ಒಂದು 1310 ನ್ಯಾನೊಮೀಟರಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ. ಎರಡೂ ಎ ಕೊಂಡರೆ ದೀಪವೇ ಹತ್ತುವುದಿಲ್ಲ. ಕನ್ವರ್ಟರ್‌ಗಳಲ್ಲೂ 100ರವು ಹೇರಳವಾಗಿ ಬಿಕರಿಯಾಗುತ್ತವೆ, ಡಬ್ಬದ ಮೇಲೆ 1000 ಹುಡುಕಿ. ಎರಡು ಎಳೆಯ ಕೇಬಲ್ ಹಾಕಿಸಿದರೆ ಒಂದು ಹಾಳಾದ ದಿನ ಇನ್ನೊಂದಿರುತ್ತದೆ. ತುದಿ ಜೋಡಿಸಲು ಊರಿನ ಫೈಬರ್ ಕೆಲಸದವರ ಸ್ಪ್ಲೈಸಿಂಗ್ ಮೆಷಿನ್ ಸಾಕು. ಡ್ರಾಪ್ ಕೇಬಲ್ಲಿನ ಬೆನ್ನಿಗೆ ಉಕ್ಕಿನ ತಂತಿ ಇದ್ದರೆ ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಿ, ಬರೀ ಫೈಬರ್ ಒಳಗೆ ತನ್ನಿ. ಇಲ್ಲದಿದ್ದರೆ ಸಿಡಿಲಿಗೆ ಮತ್ತೆ ದಾರಿ ಕೊಟ್ಟಂತೆ. ಆಲೂರು, ಸಕಲೇಶಪುರ ಕಡೆ ಆನೆ ಓಡಾಡುವ ತೋಟಗಳಲ್ಲಿ ಮೇಲೆ ಎಳೆಯುವುದಕ್ಕಿಂತ ಎಚ್‌ಡಿಪಿಇ ಪೈಪಿನಲ್ಲಿ ಹೂತು ಹಾಕುವುದು ಬಾಳಿಕೆ ಬರುತ್ತದೆ. ಪಿಕಾಸಿ ಹಾಕುವವರಿಗೆ ಸಾಲು ಗೊತ್ತಿರಲಿ.

5 ಗಿಗಾಹರ್ಟ್ಸ್ ವೈರ್‌ಲೆಸ್ ಲಿಂಕ್ ಹಾಕಬಾರದೇ ಎಂದು ಕೇಳುವವರುಂಟು. ಗದ್ದೆ ಬಯಲಿನಲ್ಲಿ ಎದುರಿಗೆದುರು ಕಾಣುವಂತಿದ್ದರೆ ಧಾರಾಳವಾಗಿ ಹಾಕಬಹುದು. ನಡುವೆ ನೆರಳಿನ ಮರಗಳಿದ್ದರೆ ಬೇಡ, ನೆನೆದ ಎಲೆ ಆ ಅಲೆಯನ್ನು ನುಂಗುತ್ತದೆ.

ಗೋಡೆ ಮತ್ತು ವೈಫೈ

ಹಳೆಯ ಮಣ್ಣಿನ ಗೋಡೆ ಒಂದೂವರೆ-ಎರಡು ಅಡಿ ದಪ್ಪ. 5 ಗಿಗಾಹರ್ಟ್ಸ್ ಅಂಥ ಒಂದು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ, ಎರಡು ದಾಟುವುದಿಲ್ಲ. ತಗಡಿನ ಶೀಟು ಅಡ್ಡ ಬಂದರೆ ಎರಡೂ ಬ್ಯಾಂಡ್ ನಿಲ್ಲುತ್ತವೆ. ಇಲ್ಲಿ ರೂಟರಿನ ಶಕ್ತಿ ಹೆಚ್ಚಿಸುವುದಕ್ಕಿಂತ ರೂಟರನ್ನೇ ಹತ್ತಿರ ತರಬೇಕು: ಜಂತಿಯ ಮೇಲೆ ಕೇಬಲ್ ಎಳೆದು ಆ ಕಡೆಯ ಕೋಣೆಯಲ್ಲಿ ಇನ್ನೊಂದು ಆಕ್ಸೆಸ್ ಪಾಯಿಂಟ್ (ವೈರಿನಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಕೊಡುವ ಡಬ್ಬಿ). ಗೋಡೆಗೆ ಚುಚ್ಚುವ ಅಗ್ಗದ ರಿಪೀಟರ್ ಕೇಳಿದ್ದನ್ನೇ ಅದೇ ಚಾನೆಲ್ಲಿನಲ್ಲಿ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಮೆಶ್ (ಹಲವು ಡಬ್ಬಿ ಸೇರಿ ಒಂದೇ ವೈಫೈ ಕೊಡುವಂಥದ್ದು) ಕೊಂಡರೂ ಡಬ್ಬಿಗಳ ನಡುವೆ ವೈರ್ ಹಾಕಿ.

ಚಾನೆಲ್ ವಿಷಯದಲ್ಲಿ ಪೇಟೆಗೂ ತೋಟಕ್ಕೂ ಬೇರೆ ಬೇರೆ ನ್ಯಾಯ. ಹಾಸನ, ಚಿಕ್ಕಮಗಳೂರು ಪೇಟೆಯ ಸಾಲುಮನೆಗಳಲ್ಲಿ 2.4ರಲ್ಲಿ 20 ಮೆಗಾಹರ್ಟ್ಸ್ ಅಗಲವಿಟ್ಟು 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಿ. ಅಕ್ಕಪಕ್ಕ ಮನೆಯೇ ಇಲ್ಲದ ತೋಟದಲ್ಲಿ 40 ಮೆಗಾಹರ್ಟ್ಸ್ ಇಡಿ. ತೊಂದರೆ ಕೊಡಲು ಪಡೆಯಲು ಯಾರೂ ಇಲ್ಲ, ವೇಗ ದುಪ್ಪಟ್ಟಿನ ಹತ್ತಿರ.

ಕಂಪ್ಯೂಟರಿನ ಕಡೆ

ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಒಂದೇ ಆಂಟೆನಾದ್ದಾಗಿದ್ದರೆ ಎಂ.2 ಕಾರ್ಡ್ ಬದಲಿಸಬಹುದು, ಇಂಟೆಲ್ ಎಎಕ್ಸ್210 ಬಹಳ ಮಾದರಿಗಳಿಗೆ ಹೊಂದುತ್ತದೆ. ಕೊಳ್ಳುವ ಮೊದಲು ತಳ ಬಿಚ್ಚಿ ಎರಡು ಆಂಟೆನಾ ವೈರ್ ಇವೆಯೇ, ಕಾರ್ಡ್ ಬೋರ್ಡಿಗೆ ಬೆಸುಗೆಯಾಗಿಲ್ಲ ತಾನೇ ನೋಡಿ. ಡೆಸ್ಕ್‌ಟಾಪಿನ ಹಿಂದೆ ಚುಚ್ಚಿದ ಯುಎಸ್‌ಬಿ ವೈಫೈ ಕಡ್ಡಿ ಕ್ಯಾಬಿನೆಟ್ಟಿನ ಲೋಹದ ಮರೆಯಲ್ಲಿರುತ್ತದೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ವೈರ್ ಹಾಕಿ ಮೇಜಿನ ಮೇಲೆ ತನ್ನಿ. ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಪಕ್ಕದಲ್ಲಿದ್ದರೆ 2.4 ಗಿಗಾಹರ್ಟ್ಸ್‌ಗೆ ಅದರ ಗದ್ದಲ ತಟ್ಟುತ್ತದೆ, ದೂರವಿಡಿ.

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಕಳಿಸುವಾಗ ಮಾತ್ರ ನಿಧಾನವಾದರೆ ನೆಟ್‌ವರ್ಕನ್ನು ಬೈಯುವ ಮೊದಲು ಎರಡರಲ್ಲೂ ಐಪರ್ಫ್3 ಎಂಬ ಸಾಫ್ಟ್‌ವೇರ್ ಹಾಕಿ, ಒಂದನ್ನು ಸರ್ವರ್, ಇನ್ನೊಂದನ್ನು ಕ್ಲೈಂಟ್ ಮಾಡಿ ಓಡಿಸಿ. ಅದು ಡಿಸ್ಕ್ ಮುಟ್ಟದೆ ವೈರನ್ನಷ್ಟೇ ಅಳೆಯುತ್ತದೆ. ಅಲ್ಲಿ 940 ಬಂದು ಫೈಲ್ ಕಾಪಿ ಸೆಕೆಂಡಿಗೆ 10 ಮೆಗಾಬೈಟ್ ಆದರೆ ಹಳೆಯ ಪೆನ್‌ಡ್ರೈವ್ ಅಥವಾ ಸೋತ ಹಾರ್ಡ್ ಡಿಸ್ಕೇ ಕಾರಣ. ಕ್ಯಾಮೆರಾಗೆಂದು ಹಾಕಿಸಿದ ಸ್ವಿಚ್ಚನ್ನೂ ನೋಡಿ. ಎಂಟು ಕ್ಯಾಮೆರಾ ತಲಾ 4 ಎಂಬಿಪಿಎಸ್ ಕಳಿಸಿದರೂ ಆಗುವುದು 32, ಅವಕ್ಕೆ 100ರ ಸ್ವಿಚ್ ಸಾಕು. ಅದರ ಹಿಂದೆ ನಿಮ್ಮ ಕಂಪ್ಯೂಟರನ್ನು ಸೇರಿಸಿದ್ದೇ ತಪ್ಪು; ಕಂಪ್ಯೂಟರಿನ ವೈರನ್ನು ನೇರ ರೂಟರಿಗೆ ತನ್ನಿ. ಟಿವಿಯ ಲ್ಯಾನ್ ಪೋರ್ಟ್ ಬಹುತೇಕ 100ರದೇ ಇರುತ್ತದೆ, 4ಕೆ ಸಿನಿಮಾಕ್ಕೆ 25 ಎಂಬಿಪಿಎಸ್ ಸಾಕಾಗುವುದರಿಂದ ಅದನ್ನು ಹಾಗೇ ಬಿಡಿ.

ಕರೆಂಟ್ ಹೋಗಿ ಇನ್ವರ್ಟರಿಗೆ ತಿರುಗುವಾಗ ಓಎನ್‌ಟಿ ರೀಸ್ಟಾರ್ಟ್ ಆಗುತ್ತಿದ್ದರೆ 12 ವೋಲ್ಟಿನ ಮಿನಿ ಯುಪಿಎಸ್ ಇಡಿ. ಓಎನ್‌ಟಿ ಮತ್ತು ರೂಟರ್ ಎರಡಕ್ಕೂ ಒಂದೇ ಯುಪಿಎಸ್ ಆದರೆ ಎರಡರ ಅಡಾಪ್ಟರಿನ ಮೇಲಿನ ಆಂಪಿಯರ್ ಕೂಡಿಸಿ ಅದಕ್ಕಿಂತ ಹೆಚ್ಚಿನದನ್ನು ಕೊಳ್ಳಿ, ರೂಟರ್ 9 ವೋಲ್ಟಿನದಾಗಿದ್ದರೆ ಆ ಔಟ್‌ಪುಟ್ ಬೇರೆಯೇ ಇರಬೇಕು. ಮಳೆಗಾಲಕ್ಕೆ ಮುಂಚೆ ಹೊರಗಿನಿಂದ ಬರುವ ಪ್ರತಿ ಕೇಬಲ್ಲೂ ಗೋಡೆಯ ತೂತಿನ ಕೆಳಗೆ ಜೋತು ಬಿದ್ದು ಮೇಲೇರಿ ಒಳಬರುವಂತೆ ಕಟ್ಟಿ, ನೀರು ಆ ಜೋತಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ತೇವಕ್ಕೆ ಆರ್‌ಜೆ45ರ ಪಿನ್ನುಗಳು ಕಿಲುಬು ಹಿಡಿದಿದ್ದರೆ ಉಜ್ಜಲು ಹೋಗಬೇಡಿ, ಕತ್ತರಿಸಿ ಹೊಸ ಪ್ಲಗ್ ಹಾಕಿ ಲಿಂಕ್ ಸ್ಪೀಡ್ ಮತ್ತೆ ನೋಡಿ.